ಗುಳಿಗೆಯ ಕಾಲಪ್ರಮಾಣ

ದೇಹಕ್ಕೆ ಒದಗುವ ನಾನಾ ವ್ಯಾಧಿಗಳಲ್ಲಿ ಕೆಲವನ್ನು ನಾವು ನಾಲ್ಕು ಜನರ ಮುಂದೆ ನಿಸ್ಸಂಕೋಚವಾಗಿ ಹೇಳಿಕೊಳ್ಳುತ್ತೇವೆ; ಕೆಲವನ್ನು ಮನೆಯವರಿಗಷ್ಟೇ ತಿಳಿಸುತ್ತೇವೆ; ಒಂದೆರಡನ್ನು ಮಾತ್ರ ವೈದ್ಯನ ಎದುರಿಗೆ ಕುಳಿತಾಗಲೂ ಬಾಯಿಬಿಟ್ಟು ನುಡಿಯಲಾರದೆ, ಸುಸ್ತೆಂದೋ ಬೆನ್ನುನೋವೆಂದೋ ನರದೌರ್ಬಲ್ಯವೆಂದೋ ಬೇರೊಂದು ಹೆಸರಿನಿಂದ ಸೂಚಿಸಿ, ಅರ್ಧ ಮಾತಿನಲ್ಲಿಯೇ ಎದ್ದು ಬಂದುಬಿಡುತ್ತೇವೆ. ಸಂಭೋಗಕಾಲದಲ್ಲಿ ಶಿಶ್ನವು ನಿಮಿರದಿರುವುದು, ಅಥವಾ ನಿಮಿರಿದರೂ ಆ ಸ್ಥಿತಿಯು ಸಾಕಷ್ಟು ಹೊತ್ತು ನಿಲ್ಲದಿರುವುದು, ಈ ಕಡೆಯ ಗುಂಪಿಗೆ ಸೇರಿದ ವ್ಯಾಧಿ. ಇದು ಎಲ್ಲಿಯೋ ಒಬ್ಬಿಬ್ಬರಿಗೆ ಬರುವ ಅಪೂರ್ವ ಕಷ್ಟವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ೪೦ರಿಂದ ೭೦ ವರ್ಷ ವಯಸ್ಸಿನ ಗಂಡಸರನ್ನು ಕುರಿತು ನಡೆದು ೧೯೯೪ರಲ್ಲಿ ಪ್ರಕಟವಾದ ಸುಪ್ರಸಿದ್ಧ ಅಧ್ಯಯನದಲ್ಲಿ ಶೇಕಡ ೫೨ ಮಂದಿಗೆ ಅಲ್ಪವಾಗಿಯೋ ಅಧಿಕವಾಗಿಯೋ ಈ ತೊಂದರೆ ಇದ್ದುದು ಕಂಡುಬಂದಿತು. ಇಷ್ಟು ಜನಸಾಮಾನ್ಯವಾದ ವ್ಯಾಧಿಯೊಂದು ಇಷ್ಟು ಮೌನದಲ್ಲಿ ಮುಚ್ಚಿಹೋಗಿರುವುದು ಆರೋಗ್ಯಕ್ಕೂ ಕ್ಷೇಮವಲ್ಲ, ದಾಂಪತ್ಯಕ್ಕೂ ಕ್ಷೇಮವಲ್ಲ.

ಹೇಳಿಕೊಳ್ಳಲಾರದ ವ್ಯಾಧಿಗೆ, ವಿಚಾರಿಸಿ ತಿಳಿಯದ ಔಷಧವೇ ಜೊತೆಯಾಗುವುದು ಸಹಜ. ಔಷಧದ ಅಂಗಡಿಯಲ್ಲಿ ಬೇರೆ ಗಿರಾಕಿಗಳು ತೆರಳುವವರೆಗೆ ಕಾದು, ತಗ್ಗಿದ ದನಿಯಲ್ಲಿ ಗುಳಿಗೆಯ ಹೆಸರು ಹೇಳಿ ಕೊಂಡುಕೊಳ್ಳುವವನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇದು ಎಷ್ಟು ಹೊತ್ತು ಕೆಲಸ ಮಾಡುತ್ತದೆ?’ ಅದಕ್ಕೆ ದೊರೆಯುವ ಉತ್ತರವೂ ಒಂದು ಮಾತಿನದು: ಈ ಗುಳಿಗೆಯಾದರೆ ನಾಲ್ಕು ಗಂಟೆ, ಆ ಗುಳಿಗೆಯಾದರೆ ಒಂದೂವರೆ ದಿನ. ಈ ಉತ್ತರ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಒಂದೇ ಗುಳಿಗೆಗೆ ಮೂರು ಬಗೆಯ ಕಾಲಪ್ರಮಾಣಗಳುಂಟು. ಅದು ಅಪೇಕ್ಷಿತ ಫಲವನ್ನು ಕೊಡಬಲ್ಲ ಕಾಲ ಮೊದಲನೆಯದು; ಅದರ ಅಂಶ ರಕ್ತದಲ್ಲಿ ಉಳಿದಿರುವ ಕಾಲ ಎರಡನೆಯದು; ಮತ್ತೊಂದು ಔಷಧದೊಡನೆ ಕೂಡಿ ಪ್ರಾಣಾಪಾಯವನ್ನು ತರಬಲ್ಲ ಕಾಲ ಮೂರನೆಯದು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಕೇಳುವವರು ವಿರಳ. ಆದರೆ ಅವಶ್ಯವಾಗಿ ತಿಳಿದಿರಬೇಕಾದುದು ಆ ಮೂರನೆಯದೇ. ಈ ಮೂರನ್ನೂ, ಇವುಗಳನ್ನು ಹಿಗ್ಗಿಸುವ ಮತ್ತು ಕುಗ್ಗಿಸುವ ಕಾರಣಗಳನ್ನೂ ಸಾವಧಾನವಾಗಿ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ದೇಹದೊಳಗಿನ ಏರ್ಪಾಡು

ಶಿಶ್ನದೊಳಗೆ ಉದ್ದಕ್ಕೂ ರಂಧ್ರಮಯವಾದ ಎರಡು ಅಂಗಾಂಶಸ್ತಂಭಗಳಿವೆ. ಸಾಮಾನ್ಯ ಸ್ಥಿತಿಯಲ್ಲಿ ಅವುಗಳ ಗೋಡೆಯಲ್ಲಿರುವ ನಯವಾದ ಸ್ನಾಯುತಂತುಗಳು ಬಿಗಿಹಿಡಿದುಕೊಂಡಿರುವುದರಿಂದ ಒಳಕ್ಕೆ ಹರಿಯುವ ರಕ್ತ ಅತ್ಯಲ್ಪ. ಮನಸ್ಸಿನಲ್ಲಿ ಕಾಮನೆ ಮೂಡಿದಾಗ, ಅಥವಾ ಸ್ಪರ್ಶದಿಂದ ಪ್ರಚೋದನೆಯುಂಟಾದಾಗ, ಬೆನ್ನುಹುರಿಯ ಕೆಳತುದಿಯಿಂದ ಹೊರಟ ನರಗಳ ಕೊನೆಗಳಲ್ಲಿಯೂ ರಕ್ತನಾಳಗಳ ಒಳಪೊರೆಯಲ್ಲಿಯೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಉತ್ಪನ್ನವಾಗುತ್ತದೆ. ಅದರ ಪ್ರೇರಣೆಯಿಂದ ಸೈಕ್ಲಿಕ್ ಜಿ.ಎಂ.ಪಿ. ಎಂಬ ಇನ್ನೊಂದು ರಾಸಾಯನಿಕ ಹುಟ್ಟಿ, ಸ್ನಾಯುಗಳನ್ನು ಸಡಿಲಿಸಿ, ಧಮನಿಗಳನ್ನು ಅಗಲಿಸುತ್ತದೆ. ರಕ್ತ ಒಳನುಗ್ಗಿ ರಂಧ್ರಗಳು ತುಂಬುತ್ತವೆ. ಉಬ್ಬಿದ ಅಂಗಾಂಶವು ಹೊರಕ್ಕೆ ಹೋಗುವ ಸಿರೆಗಳನ್ನು ಒತ್ತಿಹಿಡಿಯುವುದರಿಂದ ಒಳಬಂದ ರಕ್ತ ಅಲ್ಲಿಯೇ ನಿಲ್ಲುತ್ತದೆ. ಹೀಗೆ ಉಂಟಾದ ಸ್ಥಿತಿ ಶಾಶ್ವತವಾಗಿ ಉಳಿಯಬಾರದೆಂದೇ ಪ್ರಕೃತಿಯು ಪಿ.ಡಿ.ಇ.-೫ ಎಂಬ ಕಿಣ್ವವನ್ನೂ ಅದೇ ಎಡೆಯಲ್ಲಿ ಇರಿಸಿದೆ, ಸೈಕ್ಲಿಕ್ ಜಿ.ಎಂ.ಪಿ.ಯನ್ನು ಒಡೆದುಹಾಕಿ ಅಂಗವನ್ನು ಪೂರ್ವಸ್ಥಿತಿಗೆ ತರುವುದು ಆ ಕಿಣ್ವದ ಕೆಲಸ.

ನಾವು ಇಲ್ಲಿ ವಿಚಾರಿಸುತ್ತಿರುವ ಗುಳಿಗೆಗಳೆಲ್ಲವೂ ಈ ಕಿಣ್ವವನ್ನು ತಡೆಹಿಡಿಯತಕ್ಕವು. ಅವು ಕಾಮನೆಯನ್ನು ಹುಟ್ಟಿಸುವುದಿಲ್ಲ. ನೈಟ್ರಿಕ್ ಆಕ್ಸೈಡನ್ನು ತಾವಾಗಿ ತಯಾರಿಸುವುದೂ ಇಲ್ಲ. ದೇಹವೇ ತಯಾರಿಸಿಕೊಂಡ ದ್ರವ್ಯವು ಬೇಗ ವ್ಯಯವಾಗಿ ಹೋಗದಂತೆ ಕಾಪಾಡುತ್ತವೆ, ಅಷ್ಟೆ. ಕೆರೆಗೆ ನೀರು ಬರುವುದು ಮಳೆಯಿಂದ. ತೂಬನ್ನು ಮುಚ್ಚಿದರೆ ಬಂದ ನೀರು ನಿಲ್ಲುವುದೇ ಹೊರತು ಬಾರದ ನೀರು ಬರುವುದಿಲ್ಲ. ಗುಳಿಗೆ ನುಂಗಿ, ಮನಸ್ಸಿನಲ್ಲಿ ಅಪೇಕ್ಷೆಯೂ ಇಲ್ಲದೆ ಸ್ಪರ್ಶವೂ ಇಲ್ಲದೆ ಗಡಿಯಾರವನ್ನು ನೋಡುತ್ತ ಕುಳಿತವನಿಗೆ ಏನೂ ಆಗದಿದ್ದರೆ ಅದು ಔಷಧದ ದೋಷವಲ್ಲ. ನರಗಳೂ ರಕ್ತನಾಳಗಳೂ ತೀರ ಶಿಥಿಲವಾಗಿರುವವನಿಗೆ ಗುಳಿಗೆಯಿಂದ ಸ್ವಲ್ಪವೇ ಫಲ ದೊರೆಯುವುದಕ್ಕೂ ಕಾರಣ ಇದೇ. ಈ ಒಂದು ತತ್ತ್ವವನ್ನು ಗ್ರಹಿಸಿಕೊಂಡರೆ ಮುಂದಿನ ಸಂಗತಿಗಳೆಲ್ಲ ತಾವಾಗಿಯೇ ಸ್ಪಷ್ಟವಾಗುತ್ತವೆ.

ಎದೆನೋವಿನ ಔಷಧವಾಗಿ ಹುಟ್ಟಿದ್ದು

ಈ ವರ್ಗದ ಮೊದಲ ಔಷಧವಾದ ಸಿಲ್ಡೆನಾಫಿಲ್, ಇಂಗ್ಲೆಂಡಿನ ಕೆಂಟ್ ಸೀಮೆಯ ಸ್ಯಾಂಡ್‌ವಿಚ್ ಪಟ್ಟಣದಲ್ಲಿದ್ದ ಫೈಜರ್ ಕಂಪನಿಯ ಪ್ರಯೋಗಶಾಲೆಯಲ್ಲಿ ೧೯೮೯ರ ಸುಮಾರಿಗೆ ರೂಪುಗೊಂಡಿತು. ಅದನ್ನು ತಯಾರಿಸಿದವರ ಲಕ್ಷ್ಯ ಇದ್ದುದು ಹೃದಯದ ರಕ್ತನಾಳಗಳ ಮೇಲೆ. ನಡೆದಾಡುವಾಗ ಎದೆ ಹಿಡಿದುಕೊಳ್ಳುವ ಹೃದ್ರೋಗಿಗಳಿಗೆ ಉಪಶಮನವನ್ನು ತರಬೇಕೆಂಬುದು ಅವರ ಆಶಯ. ಆ ಕಾರ್ಯಕ್ಕೆ ಅದು ಅಷ್ಟಾಗಿ ಒದಗಲಿಲ್ಲ; ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲದಿದ್ದುದರಿಂದ ದಿನಕ್ಕೆ ಮೂರಾವರ್ತಿ ಕೊಡಬೇಕಾಗಿತ್ತು. ಆದರೆ ಪರೀಕ್ಷೆಗೆ ಒಳಗಾಗಿದ್ದ ಗಂಡಸರು ಬೇರೊಂದು ಪರಿಣಾಮವನ್ನು ವರದಿಮಾಡಿದರು. ಸಂಶೋಧಕರು ಆ ವರದಿಯನ್ನು ಕಡೆಗಣಿಸದೆ ಅದರ ಜಾಡು ಹಿಡಿದು ಹೊರಟರು. ೧೯೯೮ರ ಮಾರ್ಚ್ ೨೭ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ವಯಾಗ್ರ ಎಂಬ ಹೆಸರಿನಲ್ಲಿ ಅದರ ಮಾರಾಟಕ್ಕೆ ಅನುಮತಿ ನೀಡಿತು. ಅದೇ ವರ್ಷ, ನೈಟ್ರಿಕ್ ಆಕ್ಸೈಡು ರಕ್ತನಾಳಗಳಲ್ಲಿ ಸಂದೇಶವಾಹಕವಾಗಿ ಕೆಲಸ ಮಾಡುವುದನ್ನು ಕಂಡುಹಿಡಿದ ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಎಂಬ ಮೂವರು ವಿಜ್ಞಾನಿಗಳಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಹೃದ್ರೋಗಿಗೆ ಕುಂದಾಗಿ ಕಂಡ ಅಲ್ಪಾವಧಿಯೇ ಈ ಹೊಸ ಉಪಯೋಗದಲ್ಲಿ ಅನುಕೂಲವಾಗಿ ಪರಿಣಮಿಸಿತು. ಬೇಕಾದ ಹೊತ್ತಿಗೆ ಕೆಲಸ ಮಾಡಿ, ಬೆಳಗಾಗುವುದರೊಳಗೆ ಪ್ರಭಾವ ಇಳಿಯುವ ಔಷಧ ಅದಾಯಿತು.

ಅನಂತರ ೨೦೦೩ರಲ್ಲಿ ವಾರ್ಡೆನಾಫಿಲ್ ಮತ್ತು ಟಡಾಲಫಿಲ್ ಎಂಬುವೂ, ೨೦೧೨ರಲ್ಲಿ ಅವನಾಫಿಲ್ ಎಂಬುದೂ ಅಮೆರಿಕದಲ್ಲಿ ಅನುಮತಿ ಪಡೆದವು. ನಮ್ಮ ದೇಶದಲ್ಲಿ ಆಗ ಜಾರಿಯಲ್ಲಿದ್ದ ೧೯೭೦ರ ಪೇಟೆಂಟ್ ಶಾಸನವು ಔಷಧವಸ್ತುವಿಗೆ ಪೇಟೆಂಟನ್ನು ಕೊಡದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಕೊಡುತ್ತಿದ್ದುದರಿಂದ, ಹಲವು ಭಾರತೀಯ ಕಂಪನಿಗಳು ಸಿಲ್ಡೆನಾಫಿಲನ್ನು ತಮ್ಮ ತಮ್ಮ ಹೆಸರುಗಳಲ್ಲಿ ಅಗ್ಗವಾಗಿ ತಯಾರಿಸಿದವು. ಆದಕಾರಣ ಇಂದು ಅಂಗಡಿಯಲ್ಲಿ ಕಾಣುವ ಹತ್ತಾರು ಹೆಸರುಗಳಿಂದ ಗೊಂದಲಕ್ಕೀಡಾಗದೆ, ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಮೂಲದ್ರವ್ಯದ ಹೆಸರನ್ನೂ ಮಿಲಿಗ್ರಾಂ ಪ್ರಮಾಣವನ್ನೂ ಓದಿಕೊಳ್ಳುವುದು ಅವಶ್ಯ. ಕಾಲಪ್ರಮಾಣವನ್ನು ನಿರ್ಣಯಿಸುವುದು ಕಂಪನಿಯ ಹೆಸರಲ್ಲ, ಆ ಮೂಲದ್ರವ್ಯ.

ಫಲದ ಕಾಲ, ರಕ್ತದಲ್ಲಿರುವ ಕಾಲ

ಸಿಲ್ಡೆನಾಫಿಲನ್ನು ಸಂಭೋಗಕ್ಕೆ ಸುಮಾರು ಒಂದು ಗಂಟೆ ಮುಂಚಿತವಾಗಿ ತೆಗೆದುಕೊಳ್ಳಬೇಕೆಂಬುದು ವಾಡಿಕೆಯ ಸೂಚನೆ. ಕೆಲವರಲ್ಲಿ ಅರ್ಧ ಗಂಟೆಗೇ ಅದರ ಪ್ರಭಾವ ಆರಂಭವಾಗುತ್ತದೆ. ನಾಲ್ಕನೆಯ ಗಂಟೆಯಲ್ಲಿಯೂ ಇರುತ್ತದೆ, ಆದರೆ ಎರಡನೆಯ ಗಂಟೆಯಲ್ಲಿದ್ದಷ್ಟು ಬಲವಾಗಿರುವುದಿಲ್ಲ. ವಾರ್ಡೆನಾಫಿಲ್ ಕೂಡ ಹೆಚ್ಚುಕಡಿಮೆ ಇದೇ ಜಾತಿಯದು. ಅವನಾಫಿಲ್ ಇವುಗಳಿಗಿಂತ ಶೀಘ್ರವಾಗಿ, ಹಲವರಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ, ಕೆಲಸಕ್ಕೆ ತೊಡಗುತ್ತದೆ. ಟಡಾಲಫಿಲಿನ ರೀತಿಯೇ ಬೇರೆ: ರಕ್ತದಲ್ಲಿ ಅದರ ಪ್ರಮಾಣ ಶಿಖರವನ್ನು ಮುಟ್ಟಲು ಸುಮಾರು ಎರಡು ಗಂಟೆ ಬೇಕು; ಆದರೆ ಸೇವಿಸಿದ ಹೊತ್ತಿನಿಂದ ೩೬ ಗಂಟೆಗಳವರೆಗೂ ಫಲ ಕೊಡಬಲ್ಲದು. ಇದೇ ಔಷಧವನ್ನು ೨.೫ ಅಥವಾ ೫ ಮಿಲಿಗ್ರಾಮಿನ ಸಣ್ಣ ಪ್ರಮಾಣದಲ್ಲಿ ಪ್ರತಿದಿನವೂ ತೆಗೆದುಕೊಳ್ಳುವ ಕ್ರಮವೂ ಉಂಟು. ಹಾಗೆ ಮಾಡಿದಾಗ ಸುಮಾರು ಐದು ದಿನಗಳಲ್ಲಿ ರಕ್ತದಲ್ಲಿನ ಮಟ್ಟ ಸ್ಥಿರವಾಗುತ್ತದೆ, ಗಡಿಯಾರ ನೋಡುವ ಪ್ರಸಂಗವೇ ಇರುವುದಿಲ್ಲ.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕು. ನಾಲ್ಕು ಗಂಟೆ, ೩೬ ಗಂಟೆ ಎಂಬ ಮಾತಿನ ತಾತ್ಪರ್ಯ ಅಷ್ಟು ಹೊತ್ತು ಅಂಗವು ನಿಮಿರಿಯೇ ಇರುತ್ತದೆಂದಲ್ಲ. ಆ ಅವಧಿಯೊಳಗೆ ಪ್ರಚೋದನೆಯುಂಟಾದರೆ ದೇಹದ ಪ್ರತಿಕ್ರಿಯೆಗೆ ಔಷಧದ ನೆರವು ದೊರೆಯುತ್ತದೆ. ವೀರ್ಯಸ್ಖಲನವಾದ ಮೇಲೆ ಎಂದಿನಂತೆಯೇ ಅಂಗವು ಶಾಂತವಾಗುತ್ತದೆ. ಹೆಚ್ಚು ಗಂಟೆಯ ಔಷಧ ಹೆಚ್ಚು ಬಲದ ಔಷಧವೆಂದು ಭಾವಿಸುವುದೂ ಸರಿಯಲ್ಲ. ಅಲ್ಪಾವಧಿಯದು ಒಬ್ಬನಿಗೆ ಹಿತವಾದರೆ, ಕಾಲದ ಒತ್ತಡವಿಲ್ಲದ ದೀರ್ಘಾವಧಿಯದು ಮತ್ತೊಬ್ಬನಿಗೆ ಹಿತವಾದೀತು. ಇದು ದಂಪತಿಗಳ ಜೀವನಕ್ರಮವನ್ನೂ ರೋಗಿಯ ಇತರ ವ್ಯಾಧಿಗಳನ್ನೂ ನೋಡಿ ವೈದ್ಯನು ನಿಶ್ಚಯಿಸತಕ್ಕ ಸಂಗತಿ.

ಎರಡನೆಯ ಕಾಲಪ್ರಮಾಣವೆಂದರೆ ಔಷಧವು ರಕ್ತದಲ್ಲಿ ಉಳಿದಿರುವ ಕಾಲ. ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಹಿಡಿಯುವ ಕಾಲವನ್ನು ವೈದ್ಯರು ಅರ್ಧಾಯುಷ್ಯವೆಂದು ಕರೆಯುತ್ತಾರೆ. ಸಿಲ್ಡೆನಾಫಿಲಿನ ಅರ್ಧಾಯುಷ್ಯ ಸುಮಾರು ನಾಲ್ಕು ಗಂಟೆ. ಟಡಾಲಫಿಲಿನದು ಸುಮಾರು ಹದಿನೇಳೂವರೆ ಗಂಟೆ. ಅರ್ಧದ ಅರ್ಧವಾಗುತ್ತ ಹೋಗುವ ಈ ಲೆಕ್ಕದಲ್ಲಿ ಐದು ಅರ್ಧಾಯುಷ್ಯಗಳು ಕಳೆದರೆ ಉಳಿಯುವುದು ಶೇಕಡ ಮೂರರಷ್ಟು. ಎಂದ ಮೇಲೆ ಸಿಲ್ಡೆನಾಫಿಲ್ ಬಹುಮಟ್ಟಿಗೆ ತೊಲಗಲು ಸುಮಾರು ೨೦ ಗಂಟೆಗಳೂ, ಟಡಾಲಫಿಲ್ ತೊಲಗಲು ಮೂರೂವರೆ ದಿನಕ್ಕಿಂತ ಹೆಚ್ಚು ಕಾಲವೂ ಬೇಕು. ಫಲ ಮುಗಿಯಿತೆಂದು ಭಾವಿಸಿದ ಮೇಲೆಯೂ ಔಷಧ ಒಳಗೆ ಇದ್ದೇ ಇರುತ್ತದೆ. ಮೊದಲಿನದು ಸಾಲಲಿಲ್ಲವೆಂದು ಮನಬಂದಂತೆ ಎರಡನೆಯ ಗುಳಿಗೆಯನ್ನು ನುಂಗುವವನು ಈ ಉಳಿಕೆಯ ಮೇಲೆ ಹೊಸದನ್ನು ಪೇರಿಸುತ್ತಿದ್ದಾನೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ತೆಗೆದುಕೊಳ್ಳಬಾರದೆಂಬ ನಿಯಮಕ್ಕೆ ಆಧಾರವೇ ಇದು.

ಹಿಗ್ಗಿಸುವ ಕುಗ್ಗಿಸುವ ಕಾರಣಗಳು

ಮೊದಲನೆಯ ಕಾರಣ ಆಹಾರ. ಕೊಬ್ಬಿನಂಶ ಹೆಚ್ಚಾಗಿರುವ ಊಟದ ಬೆನ್ನಿಗೇ ಸಿಲ್ಡೆನಾಫಿಲ್ ತೆಗೆದುಕೊಂಡರೆ, ರಕ್ತದಲ್ಲಿ ಅದು ಶಿಖರವನ್ನು ಮುಟ್ಟುವುದು ಸುಮಾರು ಒಂದು ಗಂಟೆ ತಡವಾಗುತ್ತದೆ. ಆ ಶಿಖರದ ಎತ್ತರವೂ ಶೇಕಡ ೨೯ರಷ್ಟು ತಗ್ಗುತ್ತದೆ. ತುಪ್ಪ ಸುರಿದ ಹೋಳಿಗೆಯ ಹಬ್ಬದೂಟವನ್ನೋ ಭರ್ಜರಿ ಬಾಡೂಟವನ್ನೋ ಮುಗಿಸಿ ಗುಳಿಗೆ ನುಂಗಿದವನು, ಅದು ಕೆಲಸ ಮಾಡಲಿಲ್ಲವೆಂದು ದೂರಿದರೆ, ಕಾರಣ ಅವನ ಜಠರದಲ್ಲಿಯೇ ಇರುವುದು ಸಂಭವನೀಯ. ವಾರ್ಡೆನಾಫಿಲಿಗೂ ಈ ಮಾತು ಅನ್ವಯಿಸುತ್ತದೆ. ಟಡಾಲಫಿಲಿಗೆ ಆಹಾರದ ಬಾಧೆಯಿಲ್ಲ. ಮದ್ಯಪಾನದ ವಿಷಯ ಇನ್ನೂ ಗಂಭೀರವಾದುದು. ಮದ್ಯ ತಾನೇ ನಿಮಿರುವಿಕೆಯನ್ನು ಕುಂದಿಸುತ್ತದೆ. ಅಲ್ಲದೆ ಅದೂ ರಕ್ತನಾಳಗಳನ್ನು ಅಗಲಿಸುವಂಥದಾದ್ದರಿಂದ, ಎರಡೂ ಕೂಡಿದಾಗ ರಕ್ತದೊತ್ತಡ ಇಳಿದು, ಎದ್ದುನಿಂತ ಕೂಡಲೆ ತಲೆಸುತ್ತು ಬರಬಹುದು.

ಎರಡನೆಯ ಕಾರಣ ವಯಸ್ಸು ಮತ್ತು ಒಳಾಂಗಗಳ ಸ್ಥಿತಿ. ಈ ಔಷಧಗಳನ್ನು ಒಡೆದು ಹೊರಹಾಕುವ ಮುಖ್ಯಭಾರ ಯಕೃತ್ತಿನದು. ೬೫ ವರ್ಷ ದಾಟಿದವರಲ್ಲಿ, ಯಕೃತ್ತು ಗಡಸಾದವರಲ್ಲಿ, ಮೂತ್ರಪಿಂಡಗಳು ತೀವ್ರವಾಗಿ ಕುಂದಿರುವವರಲ್ಲಿ ಸಿಲ್ಡೆನಾಫಿಲ್ ನಿಧಾನವಾಗಿ ತೊಲಗುವುದರಿಂದ, ಒಂದೇ ಪ್ರಮಾಣದ ಗುಳಿಗೆ ತರುಣನಲ್ಲಿರುವುದಕ್ಕಿಂತ ಹೆಚ್ಚಿನ ಮಟ್ಟದಲ್ಲಿ, ಹೆಚ್ಚು ಹೊತ್ತು ರಕ್ತದಲ್ಲಿರುತ್ತದೆ. ಆದ್ದರಿಂದಲೇ ಇಂಥವರಿಗೆ ವೈದ್ಯರು ೫೦ ಮಿಲಿಗ್ರಾಮಿಗೆ ಬದಲಾಗಿ ೨೫ರಿಂದ ಆರಂಭಿಸುತ್ತಾರೆ. ನೆರೆಮನೆಯ ಸ್ನೇಹಿತನಿಗೆ ಒಗ್ಗಿದ ೧೦೦ ಮಿಲಿಗ್ರಾಮಿನ ಗುಳಿಗೆ ತನಗೂ ಒಗ್ಗುವುದೆಂಬ ಎಣಿಕೆ ಅಪಾಯಕರ.

ಮೂರನೆಯ ಕಾರಣ ಜೊತೆಯಲ್ಲಿ ಸೇವಿಸುವ ಬೇರೆ ಔಷಧಗಳು. ಯಕೃತ್ತಿನಲ್ಲಿ ಈ ಗುಳಿಗೆಗಳನ್ನು ಒಡೆಯುವ ಕಿಣ್ವವನ್ನು ಕೆಲವು ಔಷಧಗಳು ತಡೆಹಿಡಿಯುತ್ತವೆ. ಕೆಲವು ಅದನ್ನು ಚುರುಕುಗೊಳಿಸುತ್ತವೆ. ಹುಳುಕಡ್ಡಿಗೆಂದು ನಮ್ಮಲ್ಲಿ ವಾರಗಟ್ಟಲೆ ಕೊಡುವ ಇಟ್ರಕೊನಜೋಲ್, ಅದೇ ಬಗೆಯ ಕೀಟೊಕೊನಜೋಲ್, ಸೋಂಕುಗಳಿಗೆ ಕೊಡುವ ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಇವು ಮೊದಲನೆಯ ಜಾತಿಯವು. ಇವುಗಳ ಸಂಗಡ ಗುಳಿಗೆಯ ಪ್ರಭಾವ ಬಲಿಯುತ್ತದೆ, ಅವಧಿ ಹಿಗ್ಗುತ್ತದೆ. ಎಚ್.ಐ.ವಿ. ಚಿಕಿತ್ಸೆಯಲ್ಲಿ ಬಳಸುವ ರಿಟೊನವಿರ್ ಜೊತೆಯಾದರಂತೂ ದೇಹಕ್ಕೆ ಒದಗುವ ಸಿಲ್ಡೆನಾಫಿಲ್ ಹಲವು ಪಟ್ಟು ಏರುವುದರಿಂದ, ೪೮ ಗಂಟೆಗಳಲ್ಲಿ ೨೫ ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ. ಚಕ್ಕೋತದ ಬಳಗಕ್ಕೆ ಸೇರಿದ ಗ್ರೇಪ್‌ಫ್ರೂಟ್ ಹಣ್ಣಿನ ರಸವೂ ಸ್ವಲ್ಪಮಟ್ಟಿಗೆ ಹೀಗೆಯೇ ವರ್ತಿಸುತ್ತದೆ. ಇದಕ್ಕೆ ಪ್ರತಿಯಾಗಿ, ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್, ಕಾರ್ಬಮಾಜೆಪಿನ್ ಮುಂತಾದುವು ಗುಳಿಗೆಯನ್ನು ಬೇಗನೆ ನಾಶಗೊಳಿಸುತ್ತವೆ. ರಿಫಾಂಪಿಸಿನ್ ಸೇವಿಸುತ್ತಿರುವವರಲ್ಲಿ ದೇಹಕ್ಕೆ ಒದಗುವ ಟಡಾಲಫಿಲ್ ಶೇಕಡ ೮೮ರಷ್ಟು ಕಡಿಮೆಯಾಗುವುದು ಕಂಡುಬಂದಿದೆ. ಕ್ಷಯದ ಚಿಕಿತ್ಸೆಯಲ್ಲಿರುವವನು ಗುಳಿಗೆ ಫಲಿಸಲಿಲ್ಲವೆಂದು ತನ್ನ ಪೌರುಷವನ್ನು ಹಳಿದುಕೊಳ್ಳಬೇಕಾಗಿಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಮಿಗಿಲಾದುದು, ಮೂಲವ್ಯಾಧಿಯ ಸ್ವರೂಪ. ಗುಳಿಗೆಯು ದೇಹದ ನೈಟ್ರಿಕ್ ಆಕ್ಸೈಡನ್ನು ಅವಲಂಬಿಸಿದೆಯೆಂದು ಮೊದಲೇ ಹೇಳಿದೆವಷ್ಟೆ. ಸಕ್ಕರೆ ಕಾಯಿಲೆಯು ವರ್ಷಾನುಗಟ್ಟಲೆ ಹತೋಟಿ ತಪ್ಪಿದರೆ ನರಗಳೂ ರಕ್ತನಾಳಗಳ ಒಳಪೊರೆಯೂ ಎರಡೂ ಕೆಡುತ್ತವೆ. ಬೀಡಿ ಸಿಗರೇಟುಗಳೂ, ಏರಿದ ರಕ್ತದೊತ್ತಡವೂ, ಕೊಲೆಸ್ಟರಾಲೂ ಅದೇ ಪೊರೆಯನ್ನು ಸವೆಯಿಸುತ್ತವೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ನಡೆಯುವ ಶಸ್ತ್ರಚಿಕಿತ್ಸೆಯಲ್ಲಿ ನರಗಳಿಗೆ ಪೆಟ್ಟಾಗುವುದುಂಟು. ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಕುಂದಿದವರಲ್ಲಿ ಅಪೇಕ್ಷೆಯೇ ಬತ್ತಿಹೋಗಿರುತ್ತದೆ. ಇವರಲ್ಲಿ ಗುಳಿಗೆಯ ಫಲ ಕ್ಷೀಣವಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ೧೦ ಕೋಟಿಗೂ ಮಿಕ್ಕಿ ಸಕ್ಕರೆ ಕಾಯಿಲೆಯವರಿದ್ದಾರೆಂದು ಅಂದಾಜು ಮಾಡಿತು. ನಿಮಿರುವಿಕೆಯ ಈ ತೊಂದರೆಯ ಬೇರು ನಮ್ಮ ಮನೆಗಳಲ್ಲಿ ಎಷ್ಟು ಆಳವಾಗಿ ಇಳಿದಿದೆಯೆಂಬುದನ್ನು ಇದರಿಂದಲೇ ಊಹಿಸಬಹುದು. ವರ್ಷಗಳು ಕಳೆದಂತೆ ಗುಳಿಗೆ ಮೊದಲಿನಂತೆ ಫಲಿಸುತ್ತಿಲ್ಲವೆಂದು ಹೇಳುವವರಲ್ಲಿ, ಸಾಮಾನ್ಯವಾಗಿ, ದೇಹ ಗುಳಿಗೆಗೆ ಒಗ್ಗಿಹೋಗಿರುವುದಕ್ಕಿಂತ ಒಳಗಿನ ರೋಗ ಮುಂದುವರಿದಿರುವುದೇ ಹೆಚ್ಚು.

ಐದನೆಯದು ಮನಸ್ಸು. ಸೋತೇನೆಂಬ ಭಯ ದೇಹದಲ್ಲಿ ಅಡ್ರಿನಲಿನನ್ನು ಎಬ್ಬಿಸುತ್ತದೆ. ಅಡ್ರಿನಲಿನ್ ಸ್ನಾಯುಗಳನ್ನು ಮತ್ತೆ ಬಿಗಿಯುತ್ತದೆ. ಗುಳಿಗೆ ಸಡಿಲಿಸಲು ಹೊರಟುದನ್ನು ಭಯವು ಬಿಗಿಯುತ್ತಿರುತ್ತದೆ. ಮೊದಲನೆಯ ಬಾರಿ ಫಲ ಕಾಣದಿದ್ದರೆ ಹತಾಶನಾಗದೆ, ವೈದ್ಯನು ಹೇಳಿದ ಪ್ರಮಾಣದಲ್ಲಿ, ಹಗುರವಾದ ಆಹಾರದೊಡನೆ, ಬೇರೆ ಬೇರೆ ದಿನಗಳಲ್ಲಿ ಆರೆಂಟು ಬಾರಿಯಾದರೂ ಪ್ರಯತ್ನಿಸಿದ ಮೇಲೆಯೇ ಔಷಧ ಒಗ್ಗಲಿಲ್ಲವೆಂದು ತೀರ್ಮಾನಿಸತಕ್ಕದ್ದು. ಹೆಂಡತಿಗೆ ತಿಳಿಯದಂತೆ ಗುಳಿಗೆ ನುಂಗುವವನಿಗೆ ಬಚ್ಚಿಡುವ ಆತಂಕವೂ ಒಂದು ಹೊರೆಯಾಗಿ ಸೇರಿಕೊಳ್ಳುತ್ತದೆ. ಅವಳಿಗೆ ತಿಳಿಸಿದವನಿಗೆ ಆ ಹೊರೆಯಾದರೂ ಇಳಿಯುತ್ತದೆ.

ಅಪಾಯದ ಕಾಲ

ಇನ್ನು ಮೂರನೆಯ ಕಾಲಪ್ರಮಾಣ. ಹೃದ್ರೋಗಿಗಳಿರುವ ಮನೆಗಳಲ್ಲಿ ನಾಲಗೆಯ ಕೆಳಗೆ ಇರಿಸಿಕೊಳ್ಳುವ ಸಾರ್ಬಿಟ್ರೇಟ್ ಗುಳಿಗೆಯನ್ನು ತಿಳಿಯದವರಿಲ್ಲ. ಅದೂ ಅದರ ಬಂಧುವಾದ ನೈಟ್ರೊಗ್ಲಿಸರಿನ್ನೂ ನೈಟ್ರೇಟ್ ವರ್ಗದ ಔಷಧಗಳು. ದೇಹದಲ್ಲಿ ನೈಟ್ರಿಕ್ ಆಕ್ಸೈಡನ್ನು ಒದಗಿಸಿ ರಕ್ತನಾಳಗಳನ್ನು ಅಗಲಿಸುವುದೇ ಅವುಗಳ ಕೆಲಸ. ಒಂದು ಕಡೆ ನೈಟ್ರೇಟು ಸೈಕ್ಲಿಕ್ ಜಿ.ಎಂ.ಪಿ.ಯನ್ನು ಹೇರಳವಾಗಿ ಹುಟ್ಟಿಸುತ್ತಿರುವಾಗ, ಇನ್ನೊಂದು ಕಡೆ ಈ ಗುಳಿಗೆಯು ಅದನ್ನು ಒಡೆಯಲು ಬಿಡದಿದ್ದರೆ, ದೇಹದ ರಕ್ತನಾಳಗಳೆಲ್ಲ ಒಮ್ಮೆಗೇ ಸಡಿಲಗೊಂಡು, ರಕ್ತದೊತ್ತಡ ಕುಸಿದು, ಪ್ರಾಣವೇ ಹೋಗಬಹುದು. ಆದ್ದರಿಂದ ಪ್ರತಿನಿತ್ಯವಾಗಲಿ ಆಗೊಮ್ಮೆ ಈಗೊಮ್ಮೆಯಾಗಲಿ ನೈಟ್ರೇಟು ಸೇವಿಸುವವರಿಗೆ ಈ ಗುಳಿಗೆಗಳು ಸರ್ವಥಾ ನಿಷಿದ್ಧ; ಎದೆನೋವಿನ ಇನ್ನೊಂದು ಔಷಧವಾದ ನಿಕೊರಾಂಡಿಲ್ ಸೇವಿಸುವವರಿಗೂ ಹಾಗೆಯೇ. ಗುಳಿಗೆ ತೆಗೆದುಕೊಂಡವನಿಗೆ ಅನಂತರ ಎದೆನೋವು ಬಂದರೆ, ಸಿಲ್ಡೆನಾಫಿಲ್ ಅಥವಾ ವಾರ್ಡೆನಾಫಿಲ್ ಆಗಿದ್ದಲ್ಲಿ ೨೪ ಗಂಟೆಗಳೂ, ಟಡಾಲಫಿಲ್ ಆಗಿದ್ದಲ್ಲಿ ೪೮ ಗಂಟೆಗಳೂ ಕಳೆಯುವವರೆಗೆ ನೈಟ್ರೇಟನ್ನು ಕೊಡಬಾರದೆಂಬುದು ವೈದ್ಯಲೋಕದಲ್ಲಿ ಅಂಗೀಕೃತವಾದ ಎಚ್ಚರಿಕೆ. ಫಲದ ಕಾಲ ನಾಲ್ಕು ಗಂಟೆಯಾದ ಗುಳಿಗೆಗೂ ಅಪಾಯದ ಕಾಲ ಒಂದು ಇಡೀ ದಿನ.

ಪ್ರಾಸ್ಟೇಟ್ ಗ್ರಂಥಿ ಊದಿಕೊಂಡವರಿಗೆ ಕೊಡುವ ಟಾಮ್ಸುಲೋಸಿನ್, ರಕ್ತದೊತ್ತಡಕ್ಕೆ ಕೊಡುವ ಪ್ರಜೋಸಿನ್ ಮುಂತಾದುವುಗಳ ಜೊತೆಯಲ್ಲಿಯೂ ಒತ್ತಡ ಇಳಿದು ತಲೆಸುತ್ತು ಬರುವುದುಂಟು; ವೈದ್ಯನ ಗಮನದಲ್ಲಿ, ಸಣ್ಣ ಪ್ರಮಾಣದಿಂದ ಆರಂಭಿಸಿ ಅವನ್ನು ಸರಿಹೊಂದಿಸಿಕೊಳ್ಳಬಹುದು. ತಲೆನೋವು, ಮುಖ ಕೆಂಪೇರುವುದು, ಮೂಗು ಕಟ್ಟುವುದು, ಎದೆಯುರಿ, ಟಡಾಲಫಿಲಿನಲ್ಲಿ ಬೆನ್ನುನೋವು ಇವು ಹಲವರಲ್ಲಿ ಕಂಡು ತಾವಾಗಿಯೇ ಇಳಿಯತಕ್ಕವು. ಆದರೆ ನಾಲ್ಕು ಗಂಟೆ ಮೀರಿಯೂ ನಿಮಿರುವಿಕೆ ಇಳಿಯದಿದ್ದರೆ, ಒಂದು ಕಣ್ಣಿನ ದೃಷ್ಟಿ ಹಠಾತ್ತನೆ ಮಸುಳಿದರೆ, ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ಅದು ಕಾಯುತ್ತ ಕೂರುವ ಸಂದರ್ಭವಲ್ಲ. ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು. ಇಳಿಯದ ನಿಮಿರುವಿಕೆಯಿಂದ ಒಳಗಿನ ಅಂಗಾಂಶವೇ ಶಾಶ್ವತವಾಗಿ ಹಾಳಾಗಬಲ್ಲದು. ಚಾಮರಾಜನಗರ, ಮೈಸೂರು, ಕೊಡಗು ಸೀಮೆಯ ಕೆಲವು ಗಿರಿಜನ ಸಮುದಾಯಗಳಲ್ಲಿ ಕಂಡುಬರುವ ಕುಡುಗೋಲುಕಣ ರಕ್ತಹೀನತೆಯುಳ್ಳವರಿಗೆ ಈ ಭಯ ಇತರರಿಗಿಂತ ಹೆಚ್ಚು.

ವ್ಯಾಧಿಯೇ ಕೊಡುವ ಸೂಚನೆ

ಗುಳಿಗೆಯ ಅವಧಿಯನ್ನು ಮಾತ್ರ ಕೇಳಿ ತೃಪ್ತನಾಗುವವನು ಅದಕ್ಕಿಂತ ಅಮೂಲ್ಯವಾದ ಒಂದು ಸೂಚನೆಯನ್ನು ಕಳೆದುಕೊಳ್ಳುತ್ತಾನೆ. ಶಿಶ್ನದ ಧಮನಿಯ ಅಗಲ ಒಂದೆರಡು ಮಿಲಿಮೀಟರು. ಹೃದಯಕ್ಕೆ ರಕ್ತವೊದಗಿಸುವ ಧಮನಿಗಳದು ಮೂರು ನಾಲ್ಕು ಮಿಲಿಮೀಟರು. ಇಡೀ ದೇಹದ ನಾಳಗಳಲ್ಲಿ ಕೊಬ್ಬು ಕಟ್ಟತೊಡಗಿದಾಗ ಕಿರಿದಾದ ನಾಳದಲ್ಲಿ ತೊಂದರೆ ಮೊದಲು ತೋರುತ್ತದೆ. ಹೀಗಾಗಿ ನಿಮಿರುವಿಕೆಯ ದೌರ್ಬಲ್ಯವು ಎಷ್ಟೋ ಮಂದಿಯಲ್ಲಿ ಹೃದಯಾಘಾತಕ್ಕಿಂತ ಎರಡರಿಂದ ಐದು ವರ್ಷ ಮುಂಚಿತವಾಗಿಯೇ ಕಾಣಿಸಿಕೊಳ್ಳುತ್ತದೆ. ನಲವತ್ತೈದರ ಗಂಡಸೊಬ್ಬನು ಈ ತೊಂದರೆಯನ್ನು ವೈದ್ಯನಿಗೆ ತಿಳಿಸಿದರೆ, ವೈದ್ಯನು ಅವನ ರಕ್ತದ ಸಕ್ಕರೆ, ಒತ್ತಡ, ಕೊಲೆಸ್ಟರಾಲ್, ಹೃದಯದ ಸ್ಥಿತಿ ಎಲ್ಲವನ್ನೂ ಪರೀಕ್ಷಿಸುತ್ತಾನೆ. ಸಂಭೋಗದ ಶ್ರಮವನ್ನು ಅವನ ಹೃದಯ ತಾಳಬಲ್ಲುದೇ ಎಂಬುದನ್ನೂ ವಿಚಾರಿಸುತ್ತಾನೆ. ಏದುಸಿರು, ಎದೆನೋವುಗಳಿಲ್ಲದೆ ಎರಡು ಮಹಡಿಯ ಮೆಟ್ಟಿಲನ್ನು ಹತ್ತಬಲ್ಲವನಿಗೆ ಆ ಶ್ರಮ ಸಾಮಾನ್ಯವಾಗಿ ಹೆಚ್ಚಾಗದು. ಅಂಗಡಿಯಿಂದ ನೇರವಾಗಿ ಗುಳಿಗೆ ತಂದು ನುಂಗಿದವನಿಗೆ ಈ ಪರೀಕ್ಷೆಗಳಾವುವೂ ದೊರೆಯುವುದಿಲ್ಲ. ನಾಳಗಳು ಸವೆಯುತ್ತಲೇ ಇರುತ್ತವೆ. ಅದನ್ನು ಮುನ್ಸೂಚಿಸಿದ ಲಕ್ಷಣ ಮಾತ್ರ ಮರೆಯಾಗಿರುತ್ತದೆ.

ಇದೇ ಮೌನದ ಮೇಲೆ ನಡೆಯುವ ವ್ಯಾಪಾರವೂ ಒಂದುಂಟು. ಗೋಡೆಬರಹಗಳಲ್ಲಿಯೂ ರಸ್ತೆಬದಿಯ ಗುಡಾರಗಳಲ್ಲಿಯೂ ಗುಪ್ತರೋಗಕ್ಕೆ ಶತಸಿದ್ಧ ಚಿಕಿತ್ಸೆಯೆಂದು ಸಾರುವವರನ್ನು ಯಾರು ನೋಡಿಲ್ಲ? ಲೈಂಗಿಕ ಸುಖದ ಸಾಮರ್ಥ್ಯವನ್ನು ಹೆಚ್ಚಿಸುತ್ತೇವೆಂದು ಔಷಧಗಳ ಜಾಹೀರಾತು ನೀಡುವುದನ್ನು ೧೯೫೪ರಷ್ಟು ಹಿಂದೆಯೇ ಕೇಂದ್ರದ ಶಾಸನವೊಂದು ನಿಷೇಧಿಸಿದೆ; ಆದರೂ ಆ ಅಕ್ಷರಗಳು ಗೋಡೆಯಿಂದ ಅಳಿದಿಲ್ಲ. ಬರಿಯ ಗಿಡಮೂಲಿಕೆಯದೆಂದು ಮಾರುವ ಚೂರ್ಣ ಲೇಹ್ಯಗಳಲ್ಲಿ ಸಿಲ್ಡೆನಾಫಿಲನ್ನೇ ಗುಟ್ಟಾಗಿ ಬೆರೆಸಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ವಾಜೀಕರಣವನ್ನು ಆಯುರ್ವೇದವು ತನ್ನ ಎಂಟು ಅಂಗಗಳಲ್ಲಿ ಒಂದನ್ನಾಗಿ ಗಣಿಸಿ ಗಂಭೀರವಾಗಿ ವಿವೇಚಿಸಿದೆ. ಆ ಶಾಸ್ತ್ರದ ಹೆಸರಿನಲ್ಲಿ ನಡೆಯುವ ಈ ಕಲಬೆರಕೆ ಶಾಸ್ತ್ರಕ್ಕೂ ಅಪಚಾರ, ರೋಗಿಗೂ ದ್ರೋಹ. ಅಂಥ ಚೂರ್ಣವನ್ನು ನುಂಗಿದವನಿಗೆ ತಾನು ಎಷ್ಟು ಮಿಲಿಗ್ರಾಂ ನುಂಗಿದೆನೆಂಬುದೇ ತಿಳಿಯದಿರುವಾಗ, ಅದರ ಅವಧಿಯನ್ನಾಗಲಿ ಅಪಾಯವನ್ನಾಗಲಿ ಅಳೆಯುವ ಮಾತೆಲ್ಲಿ? ನಮ್ಮ ದೇಶದಲ್ಲಿ ಈ ಗುಳಿಗೆಗಳನ್ನು ವೈದ್ಯನ ಚೀಟಿಯ ಮೇಲೆಯೇ ಮಾರಬೇಕೆಂಬ ನಿಯಮ ಇರುವುದು ಕೊಳ್ಳುವವನಿಗೆ ಕಿರುಕುಳ ಕೊಡಲಿಕ್ಕಲ್ಲ. ಅವನು ಒಮ್ಮೆಯಾದರೂ ತಿಳಿದವರ ಎದುರಿಗೆ ಕುಳಿತು ಬರಲಿ ಎಂದು.

ಹಾಗೆ ಕುಳಿತಾಗ ಹೇಳಬೇಕಾದುದು ಬಹಳವೇನೂ ಇಲ್ಲ. ತಾನು ಸೇವಿಸುತ್ತಿರುವ ಔಷಧಗಳೆಲ್ಲದರ ಹೆಸರು, ಹುಳುಕಡ್ಡಿಯ ಗುಳಿಗೆಯನ್ನೂ ಬಿಡದೆ. ಎದೆನೋವು, ಸಕ್ಕರೆ, ಬಿ.ಪಿ.ಗಳ ಇತಿಹಾಸ; ಬೀಡಿ, ಸಿಗರೇಟು, ಮದ್ಯಗಳ ನಿಜವಾದ ಲೆಕ್ಕ. ಬಿ.ಪಿ.ಯ ಕೆಲವು ಔಷಧಗಳಿಂದಲೂ ಮನೋವ್ಯಾಕುಲತೆಗೆ ಕೊಡುವ ಕೆಲವು ಔಷಧಗಳಿಂದಲೂ ಈ ದೌರ್ಬಲ್ಯ ಉಂಟಾಗುವುದುಂಟು. ಅವನ್ನು ತಾನಾಗಿ ನಿಲ್ಲಿಸದೆ, ಬದಲಾಯಿಸಬಹುದೇ ಎಂದು ವೈದ್ಯನನ್ನೇ ಕೇಳಬೇಕು. ಗುಳಿಗೆ ಒಗ್ಗದವರಿಗೆ ಬೇರೆ ಮಾರ್ಗಗಳೂ ಇವೆ. ನಿರ್ವಾತದ ಉಪಕರಣ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ, ಮನೋಚಿಕಿತ್ಸೆ ಇವೆಲ್ಲ ಮೂತ್ರರೋಗ ತಜ್ಞರಿಗೂ ಮನೋವೈದ್ಯರಿಗೂ ನಿತ್ಯದ ಕೆಲಸ. ಅವರಿಗೆ ಇದರಲ್ಲಿ ಆಶ್ಚರ್ಯವೂ ಇಲ್ಲ, ತಿರಸ್ಕಾರವೂ ಇಲ್ಲ.

ಗಂಡನು ಗುಳಿಗೆ ಸೇವಿಸುತ್ತಿರುವ ಸಂಗತಿ ಹೆಂಡತಿಗೆ ತಿಳಿದಿರಬೇಕೆಂದು ಹೇಳುವುದು ಪ್ರೇಮದ ದೃಷ್ಟಿಯಿಂದ ಮಾತ್ರವಲ್ಲ. ನಡುರಾತ್ರಿ ಎದೆ ಹಿಡಿದುಕೊಂಡು ಮಾತೇ ಹೊರಡದೆ ಬಿದ್ದವನಿಗೆ, ಮನೆಯಲ್ಲಿರುವ ಸಾರ್ಬಿಟ್ರೇಟನ್ನು ನಾಲಗೆಯ ಕೆಳಗಿಡಲು ಮೊದಲು ಮುಂದಾಗುವವಳು ಅವಳೇ. ಇಡಬಾರದೆಂದು ತಿಳಿದು, ಆಂಬುಲೆನ್ಸಿನವರಿಗೂ ಆಸ್ಪತ್ರೆಯವರಿಗೂ ಗುಳಿಗೆಯ ಹೆಸರನ್ನೂ ತೆಗೆದುಕೊಂಡ ಹೊತ್ತನ್ನೂ ಹೇಳಬಲ್ಲವಳೂ ಅವಳೇ. ಅಷ್ಟು ತಿಳಿದರೆ ವೈದ್ಯರು ನೈಟ್ರೇಟನ್ನು ಬಿಟ್ಟು ಬೇರೆ ಔಷಧಗಳಿಂದ ಚಿಕಿತ್ಸೆ ನಡೆಸುತ್ತಾರೆ. ಈ ಎರಡು ಮಾತುಗಳನ್ನು ಮನೆಯಲ್ಲಿ ಮುಂಚಿತವಾಗಿ ಹೇಳಿಡುವ ಧೈರ್ಯವಿಲ್ಲದವನು, ಆ ಧೈರ್ಯ ಬರುವವರೆಗೆ, ಈ ಗುಳಿಗೆಯನ್ನು ಮುಟ್ಟದಿರುವುದೇ ಲೇಸು.